ತೂಬಿಲ್ಲದ ಸಮುದ್ರ

ಮಂಗಳೂರಿನ ಸಮುದ್ರದ ಮೇಲೆ ನಮ್ಮ ದೊಡ್ಡಪ್ಪನಿಗೆ ಇದ್ದದ್ದು ಒಂದೇ ತಕರಾರು: ಅದಕ್ಕೆ ತೂಬಿಲ್ಲ!

ಇದನ್ನು ಅವರು ಬಂದ ಮರುದಿನವೇ ಪತ್ತೆ ಹಚ್ಚಿದರು. ಹಾಸನದ ಕಡೆಯಿಂದ ಯಾರೇ ಬಂದರೂ ಮೊದಲು ಕಡಲು ತೋರಿಸಿಕೊಂಡು ಬರುವುದು ನಮ್ಮ ಮನೆಯ ಪದ್ಧತಿ. ಬಂದವರು ಸಾಮಾನ್ಯವಾಗಿ ಒಂದು ನಿಮಿಷ ಬಾಯಿ ತೆರೆದು ನಿಲ್ಲುತ್ತಾರೆ, ಪ್ಯಾಂಟು ಮಡಚಿ ನೀರಿಗಿಳಿಯುತ್ತಾರೆ, ಆಮೇಲೆ ಚುರುಮುರಿ ತಿನ್ನುತ್ತಾರೆ. ದೊಡ್ಡಪ್ಪ ಇದಾವುದನ್ನೂ ಮಾಡಲಿಲ್ಲ. ಪಂಚೆ ಎತ್ತಿ ಕಟ್ಟಿದರು. ಸೊಂಟದ ಮೇಲೆ ಎರಡೂ ಕೈ ಇಟ್ಟರು. ಬಲದಿಂದ ಎಡಕ್ಕೊಮ್ಮೆ, ಎಡದಿಂದ ಬಲಕ್ಕೊಮ್ಮೆ ನೋಡಿದರು.

“ಏರಿ ಎಲ್ಲೈತ್ಲಾ?”

“ಏರಿ ಇಲ್ಲ ದೊಡ್ಡಪ್ಪ.”

“ಕೋಡಿ?”

“ಕೋಡಿನೂ ಇಲ್ಲ.”

“ಓಗ್ಲಿ, ತೂಬು?”

“ಸಮುದ್ರಕ್ಕೆ ಎಲ್ಲಿಂದ ಬರ್ತದೆ ತೂಬು?”

“ಅಂಗಾರೆ ಇದ್ನ ನೋಡ್ಕೊಳೋರು ಯಾರು?”

ಅಷ್ಟರಲ್ಲಿ ಒಂದು ಅಲೆ ಬಂದು ಅವರ ಪಾದ ಮುಟ್ಟಿ ಹಿಂದೆ ಸರಿಯಿತು. ಇನ್ನೊಂದು ಬಂತು, ಅದೂ ಸರಿಯಿತು. ದೊಡ್ಡಪ್ಪ ಹತ್ತು ಅಲೆಗಳನ್ನು ತಾಳ್ಮೆಯಿಂದ ನೋಡಿ ತೀರ್ಪು ಕೊಟ್ಟರು. “ಬತ್ತದೆ, ಓಯ್ತದೆ. ಬತ್ತದೆ, ಓಯ್ತದೆ. ಒಂದು ಗದ್ದೆಗಾರೂ ಉಪಯೋಗ ಐತಾ? ಕೆಲ್ಸ ಇಲ್ದಿರೋ ನೀರು ಕಣ್ಲಾ ಇದು!”

ಹೀಗೆ ಅರಬ್ಬೀ ಸಮುದ್ರವನ್ನು ನಿರುದ್ಯೋಗಿಗಳ ಪಟ್ಟಿಗೆ ಸೇರಿಸಿ, ತಿರುಗಿ ಬಸ್‌ಸ್ಟಾಪಿನ ಕಡೆ ನಡೆದೇಬಿಟ್ಟರು.

ಅವರು ಹೀಗೆ ಕೇಳಿದ್ದಕ್ಕೆ ಕಾರಣವಿದೆ. ಹೊಳೆನರಸೀಪುರಕ್ಕೂ ಅರಕಲಗೂಡಿಗೂ ನಡುವೆ ಇರುವ ನಮ್ಮೂರಿನ ಕೆರೆಗೆ ದೊಡ್ಡಪ್ಪ ಐವತ್ತು ವರ್ಷ ನೀರುಗಂಟಿಯಾಗಿದ್ದವರು. ಕೆರೆಯ ತೂಬು ಎತ್ತಿ, ಕಾಲುವೆಗೆ ನೀರು ಬಿಟ್ಟು, ಯಾರ ಗದ್ದೆಗೆ ಎಷ್ಟು ಹೊತ್ತು ಎಂದು ಸರದಿ ಹಾಕಿ, ಹೆಗಲ ಮೇಲೆ ಸನಿಕೆ ಹೊತ್ತು ಬದುವಿನ ಮೇಲೆ ಓಡಾಡುತ್ತಾ ಆ ಸರದಿ ಕಾಯುವುದು ನೀರುಗಂಟಿಯ ಕೆಲಸ. ಸನಿಕೆ ಎಂದರೆ ನಮ್ಮ ಕಡೆಯ ಅಗಲ ಬಾಯಿಯ ಗುದ್ದಲಿ. ಮಂಗಳೂರಿಗೆ ಬರುವಾಗ ದೊಡ್ಡಪ್ಪನ ಬಳಿ ಇದ್ದ ಸಾಮಾನು ಎರಡೇ: ಒಂದು ಬಟ್ಟೆಯ ಚೀಲ, ಒಂದು ಸನಿಕೆ. ಶಿರಾಡಿ ಘಾಟಿಯ ಉದ್ದಕ್ಕೂ ಕಂಡಕ್ಟರು ಅದನ್ನು ಸಂಶಯದಿಂದ ನೋಡುತ್ತಲೇ ಬಂದನಂತೆ.

ಅವರು ಬಂದದ್ದು ಹದಿನೈದು ದಿನದ ಮಟ್ಟಿಗೆ, ಕಣ್ಣಿನ ಪೊರೆ ತೆಗೆಸಲು. ಆಪರೇಷನ್ ಚೆನ್ನಾಗಿಯೇ ಆಯಿತು. ಆದದ್ದೇ ತಪ್ಪಾಯಿತು! ಕಣ್ಣು ಮಂಜಾಗಿದ್ದಾಗ ಅವರಿಗೆ ಕಾಣದಿದ್ದದ್ದೆಲ್ಲ, ಅಂದರೆ ನಮ್ಮ ಓಣಿಯ ಚರಂಡಿ, ಸೋರುವ ನಲ್ಲಿ, ತುಂಬಿ ಹರಿಯುವ ಟ್ಯಾಂಕಿ, ಒಂದೇ ಬೆಳಗ್ಗೆ ಒಟ್ಟಿಗೆ ಕಂಡುಬಿಟ್ಟವು. ಊರಿನಲ್ಲಿ ಹೊಸ ತೂಬಿಗೆ ತಿರುಗಿಸುವ ಗೇಟು ಬಂದಿತ್ತು, ಗದ್ದೆಗೊಂದು ಬೋರ್‌ವೆಲ್ ಬಂದಿತ್ತು. ಅಲ್ಲಿಯ ನೀರಿಗೆ ಅವರ ಅಗತ್ಯ ಉಳಿದಿರಲಿಲ್ಲ. ಇಲ್ಲಿ ನೋಡಿದರೆ ಹನ್ನೊಂದು ಮನೆಗಳ ನೀರು ದಿಕ್ಕಿಲ್ಲದೆ ಬಿದ್ದಿತ್ತು! ಹದಿನೈದು ದಿನ ತಿಂಗಳಾಯಿತು, ತಿಂಗಳು ಐದಾಯಿತು.

ನಮ್ಮ ಓಣಿಯ ವಿಷಯ ಸ್ವಲ್ಪ ಹೇಳಬೇಕು. ಹನ್ನೊಂದು ಮನೆ, ಒಂದೇ ದಾರಿ. ಎದುರುಮನೆಯ ಕಿಟಕಿಯಿಂದ ಕೈ ಚಾಚಿದರೆ ನಮ್ಮ ಮನೆಯ ಕರಿಬೇವಿನ ಡಬ್ಬಿ ಸಿಗುತ್ತದೆ. ಅವರ ಕುಕ್ಕರ್ ಮೂರು ಸಲ ಕೂಗಿದ್ದಕ್ಕೆ ನನ್ನ ಹೆಂಡತಿ ನಮ್ಮ ಸ್ಟವ್ ಆರಿಸಿ, ನಾವು ಅರೆಬೆಂದ ಬೇಳೆ ತಿಂದದ್ದುಂಟು. ಸ್ಕೂಟರುಗಳನ್ನು ಬೆಳಿಗ್ಗೆ ಯಾರು ಮೊದಲು ಹೊರಡುತ್ತಾರೋ ಅವರದು ಹೊರಗೆ ಬರುವಂತೆ ಜೋಡಿಸಿ ನಿಲ್ಲಿಸಬೇಕು. ಒಬ್ಬರಿಗೆ ರಜೆ ಎಂದರೆ ಆರು ಮಂದಿಗೆ ತಡ. ಚನ್ನರಾಯಪಟ್ಟಣದ ಬಯಲು ಊರಿನಲ್ಲಿ ಬೆಳೆದ ನನ್ನ ಹೆಂಡತಿ ಮದುವೆಯಾಗಿ ಇಲ್ಲಿಗೆ ಬಂದ ಮೊದಲ ವಾರ, “ಇಲ್ಲಿ ಒಬ್ಬರು ಸೀನಿದ್ರೆ ಹತ್ತು ಜನ ಮೂಗು ಒರೆಸ್ಕೋಬೇಕು ಕಣ್ರೀ” ಅಂದಿದ್ದಳು. ಈಗ ಅವಳಿಗೆ ಒಬ್ಬರು ಸೀನದಿದ್ದರೆ ಆತಂಕವಾಗುತ್ತದೆ.

ಓಣಿ ಮುಗಿಯುವಲ್ಲಿ ಒಂದು ತೋಡು ಹರಿಯುತ್ತದೆ. ತೋಡು ಹೊಳೆಗೆ, ಹೊಳೆ ಸಮುದ್ರಕ್ಕೆ. ತೋಡಿನ ಪಕ್ಕದ ಕೊನೆಯ ಮನೆ ಬಾಯಮ್ಮನದು. ಒಂಟಿ ಜೀವ, ಎಪ್ಪತ್ತರ ಹತ್ತಿರ, ಹೊಲಿಗೆ ಮೆಷೀನು, ಗೋಡೆಯಲ್ಲಿ ಏಸುಸ್ವಾಮಿಯ ಪಟ. ಅವರ ಅಂಗಳದಲ್ಲಿ ಒಂದು ಬಾವಿ ಇದೆ. ಕಾರ್ಪೊರೇಷನ್ ನೀರು ಸ್ನಾನಕ್ಕೆ, ಬಟ್ಟೆಗೆ. ಕಾಫಿಗೆ, ಅನ್ನಕ್ಕೆ ಹನ್ನೊಂದು ಮನೆಗೂ ಬಾಯಮ್ಮನ ಬಾವಿಯೇ. ನಾವಿರುವುದು ನೆಲಮಹಡಿಯಲ್ಲಿ, ಬಾಡಿಗೆಗೆ. ಮೇಲಿನ ಮಹಡಿಯಲ್ಲಿರುವ ಮನೆಯ ಯಜಮಾನರು ನಿವೃತ್ತ ಮೇಷ್ಟ್ರು. ಓಣಿಯ ಎಲ್ಲ ವ್ಯವಹಾರಗಳಿಗೂ ಮೇಷ್ಟ್ರೇ ಹೆಡ್‌ಮಾಸ್ಟರು.

ದೊಡ್ಡಪ್ಪನಿಗೂ ಮೇಷ್ಟ್ರಿಗೂ ಮೊದಲ ಮುಖಾಮುಖಿ ನಡೆದದ್ದು ಬೇಸಿಗೆಯಲ್ಲಿ. ಎರಡು ದಿನಕ್ಕೊಮ್ಮೆ ನಸುಕಿನಲ್ಲಿ ನಲ್ಲಿನೀರು ಬರುತ್ತದೆ. ಬಂದ ಕೂಡಲೇ ಎಲ್ಲರ ಮೋಟಾರೂ ಶುರು. ಹತ್ತು ಮೋಟಾರು ಎಳೆದ ಮೇಲೆ ಕೊನೆಯ ಮನೆಗೆ ಎಂಥ ನೀರು? ಬಾಯಮ್ಮನ ನಲ್ಲಿಯಿಂದ ದಾರದಷ್ಟು ಇಳಿಯುತ್ತಿತ್ತು. ದೊಡ್ಡಪ್ಪ ಇದನ್ನು ಎರಡು ಸರದಿ ನೋಡಿದರು. ಮೂರನೆಯ ಸರದಿಗೆ ಐದೂವರೆ ಗಂಟೆಗೆ ಸನಿಕೆ ಹೊತ್ತು ಮನೆಮನೆಯ ಮುಂದೆ ನಿಂತರು. “ಮೋಟ್ರು ಕಟ್ ಮಾಡ್ರವ್ವಾ! ಕೊನೇ ಗದ್ದೆ ಮೊದ್ಲು ನೆನೀಬೇಕು!”

ನಮ್ಮೂರ ಕೆರೆಯ ರೂಢಿ ಅದು. ನೀರು ಕಮ್ಮಿಯಾದ ವರ್ಷ ಕೊನೆಯ ಗದ್ದೆಯಿಂದ ಸರದಿ ಶುರು. ಹತ್ತಿರದ ಗದ್ದೆಯವನು ಹೇಗಿದ್ದರೂ ಬದುಕಿಕೊಳ್ಳುತ್ತಾನೆ ಎಂಬುದು ಲೆಕ್ಕಾಚಾರ. ಆದರೆ ಮಂಗಳೂರಿನ ಮಹಡಿ ಮನೆಗೆ ಬೆಳ್ಳಂಬೆಳಗ್ಗೆ ಬಂದು ‘ಗದ್ದೆ’ ಎಂದರೆ ಯಾರಿಗೆ ತಾನೆ ಅರ್ಥವಾಗಬೇಕು? ಮೇಷ್ಟ್ರು ಬನಿಯನ್ನಿನಲ್ಲೇ ಬಾಲ್ಕನಿಗೆ ಬಂದರು.

“ಎಂತದು ಮಾರಾಯ್ರೆ ಇದು ಬೊಬ್ಬೆ? ನಮ್ಮ ಮೋಟಾರು ಆಫ್ ಮಾಡ್ಲಿಕ್ಕೆ ಹೇಳುವವರು ನೀವು ಯಾರು?”

“ನಾನಾ? ನೀರುಗಂಟಿ ಸಾ.”

“ನಿಮ್ಮನ್ನು ನೀರುಗಂಟಿ ಮಾಡಿದ್ದು ಯಾರು?”

“ನಮ್ಮಪ್ಪ.”

ನಲವತ್ತು ವರ್ಷ ಮಕ್ಕಳಿಗೆ ಪ್ರಶ್ನೆ ಕೇಳಿದ ಮೇಷ್ಟ್ರು ಅಂದು ಮುಂದಿನ ಪ್ರಶ್ನೆ ಸಿಗದೆ ಒಳಗೆ ಹೋಗಿ ಮೋಟಾರು ಆಫ್ ಮಾಡಿದರು.

ಅಂದು ಬಾಯಮ್ಮನ ನಲ್ಲಿಯಲ್ಲಿ ನೀರು ಶಬ್ದ ಮಾಡಿಕೊಂಡು ಬಂತು. ಅವರು ಹತ್ತು ಗಂಟೆಗೆ ಒಂದು ಪಾತ್ರೆ ತುಂಬ ಬಿಸಿ ಸಾನ್ನಾ ಹಿಡಿದುಕೊಂಡು ನಮ್ಮ ಬಾಗಿಲಿಗೆ ಬಂದರು. ಶೇಂದಿ ಹಾಕಿ ಹುದುಗಿಸಿದ ಹಿಟ್ಟಿನಿಂದ ಮಾಡುವ ತಿಂಡಿ ಅದು. ದೊಡ್ಡಪ್ಪ ಒಂದನ್ನು ಬಾಯಿಗಿಟ್ಟು, ಕಣ್ಣು ಮುಚ್ಚಿ, ಯೋಚಿಸಿ ಹೇಳಿದರು: “ಇಡ್ಲಿನೇ ಕಣವ್ವಾ. ಆದ್ರೆ ದಾರೀಲಿ ಒಸಿ ಕುಡ್ಕಂಡು ಬಂದೈತೆ.”

ಬಾಯಮ್ಮ ಬಾಗಿಲು ಹಿಡಿದುಕೊಂಡು ನಕ್ಕರು. “ಗೌಡ್ರೆ, ನಿಮ್ಮ ಬಾಯಿ ಉಂಟಲ್ಲ, ಅದಕ್ಕೆ ಬೀಗ ಹಾಕ್ಬೇಕು!”

“ನಾನು ಗೌಡ ಅಲ್ಲ ಕಣ್ ತಾಯಿ. ಗೌಡ್ರು ಗದ್ದೆಗೆ ನೀರು ಬುಡೋನು.”

“ಹಾಸನದವರೆಲ್ಲ ಗೌಡ್ರೇ ಅಲ್ವಾ?”

“ಅಂಗಂತ ನೀವು ಅಂದ್ಕಂಡಿದೀರಿ. ಊರಲ್ಲಿ ಒಂದ್ಸಲ ಅಂಗೆ ಕರುದ್ ನೋಡಿ, ಗೊತ್ತಾಯ್ತದೆ!”

ಆದರೂ ಬಾಯಮ್ಮ ‘ಗೌಡ್ರೆ’ ಬಿಡಲಿಲ್ಲ.

ಹೀಗೆ ದೊಡ್ಡಪ್ಪ ಓಣಿಗೆ ನೀರುಗಂಟಿಯಾದರು. ಪೂರ್ವಾಹ್ನ ಚರಂಡಿಯ ಚಪ್ಪಡಿ ಎತ್ತಿ ಹೂಳು ತೆಗೆಯುವುದು, ಅಪರಾಹ್ನ ತುಂಬಿ ಚೆಲ್ಲುವ ಟ್ಯಾಂಕಿಗಳ ಕೆಳಗೆ ನಿಂತು ಯಜಮಾನರ ಹೆಸರು ಹಿಡಿದು ಕೂಗುವುದು. ಎದುರುಮನೆಯ ಇಂಜಿನಿಯರು ಸ್ನಾನದ ಮನೆಯಲ್ಲಿ ಹೆಚ್ಚು ಹೊತ್ತು ಕಳೆದರೆ ಹೊರಗಿನಿಂದ “ಇಂಜಿನೇರ್ರೇ, ಒಂದೆಕ್ರೆ ನೆಂದೋಯ್ತು!” ಎಂಬ ಎಚ್ಚರಿಕೆ ಬರುತ್ತಿತ್ತು. ಓಣಿಯವರು ಬೈದುಕೊಂಡರು, ನಕ್ಕರು, ಆಮೇಲೆ ಅಭ್ಯಾಸ ಮಾಡಿಕೊಂಡರು. ದೊಡ್ಡಪ್ಪನ ಬೆನ್ನು ನೆಟ್ಟಗಾಯಿತು. ಊರಿನಿಂದ ಬಂದಾಗ ಅರ್ಧ ಮುದ್ದೆ ಉಣ್ಣುತ್ತಿದ್ದವರು ಈಗ ಒಂದೂವರೆ ಉಣ್ಣುತ್ತಿದ್ದರು. ಅಪ್ಪ ತೀರಿಕೊಂಡ ಮೇಲೆ ನನ್ನನ್ನು ಸಾಕಿ, ಹಾಸನದ ಹಾಸ್ಟೆಲಿಗೆ ಸೇರಿಸಿ, ಶನಿವಾರಕ್ಕೊಮ್ಮೆ ಅಲ್ಲಿಯವರೆಗೆ ಬಂದು ನನ್ನ ಮುಖ ನೋಡಿಕೊಂಡು ಹೋಗುತ್ತಿದ್ದವರು ಅವರು. ಅವರ ಊಟ ಹೆಚ್ಚಿದ್ದನ್ನು ನೋಡಿ ನನಗೆ ಆಗುತ್ತಿದ್ದ ಸಂತೋಷ ಇಷ್ಟೆಂದು ಹೇಳಲಾರೆ.

ಇನ್ನು ಮುಂದಿನದನ್ನು ನಾನು ನಿಧಾನವಾಗಿ, ಕಂಡದ್ದನ್ನು ಕಂಡ ಹಾಗೆಯೇ ಹೇಳಬೇಕು.

ಓಣಿಯ ಚರಂಡಿ ತೋಡಿಗೆ ಸೇರುವ ಬಾಯಿಯಲ್ಲಿ, ಕಲ್ಲಿನಲ್ಲಿ ಕೊರೆದ ಸಂದಿನೊಳಗೆ ಇಳಿಸುವ ಒಂದು ಮರದ ಹಲಗೆ ಇದೆ. ವರ್ಷವಿಡೀ ಅದು ಬಾಯಮ್ಮನ ಗೋಡೆಗೆ ಒರಗಿ ನಿಂತಿರುತ್ತದೆ. ಮಳೆಗಾಲದಲ್ಲಿ, ಅಮಾವಾಸ್ಯೆ ಹುಣ್ಣಿಮೆಯ ಭರತ ಏರಿ ಸಮುದ್ರದ ನೀರು ತೋಡಿನಲ್ಲಿ ಹಿಂದಕ್ಕೆ ನುಗ್ಗುವ ಹೊತ್ತಿಗೆ ಮಾತ್ರ ಮೇಷ್ಟ್ರು ಅದನ್ನು ಇಳಿಸುತ್ತಾರೆ; ಇಳಿತ ಶುರುವಾದ ಮೇಲೆ ಎತ್ತುತ್ತಾರೆ. ಇದು ಓಣಿಯ ಪುಟ್ಟ ಮಕ್ಕಳಿಗೂ ಗೊತ್ತು. ಹಾಗಾಗಿಯೇ ಯಾರೂ ದೊಡ್ಡಪ್ಪನಿಗೆ ಹೇಳಿರಲಿಲ್ಲ.

ಜೂನ್ ತಿಂಗಳ ಒಂದು ಭಾನುವಾರ, ಅಮಾವಾಸ್ಯೆ. ಬೆಳಿಗ್ಗೆಯಿಂದ ಬಿಡದೆ ಮಳೆ. ಮೇಷ್ಟ್ರು ಹಲಗೆ ಇಳಿಸಿ, ಊಟ ಮಾಡಿ, ಮಲಗಿದ್ದರು. ಹಲಗೆ ಮುಚ್ಚಿದ್ದರಿಂದ ಮಳೆನೀರು ಓಣಿಯಲ್ಲಿ ಪಾದ ಮುಚ್ಚುವಷ್ಟು ನಿಂತಿತ್ತು. ಮಧ್ಯಾಹ್ನ ಒಂದು ಗಂಟೆಗೆ ದೊಡ್ಡಪ್ಪ ತಲೆಗೆ ಗೊಬ್ಬರದ ಚೀಲದ ಕೊಪ್ಪೆ ಹಾಕಿಕೊಂಡು ಹೊರಗೆ ಹೋದರು. ನಾನು ಕಿಟಕಿಯಿಂದ ನೋಡುತ್ತಿದ್ದೆ. ನಿಂತ ನೀರನ್ನು ನೋಡಿದರು, ಅದರ ಜಾಡು ಹಿಡಿದು ಕೊನೆಯವರೆಗೆ ನಡೆದರು, ಹಲಗೆ ನೋಡಿದರು.

“ಯಾವನ್ಲಾ ಅವನು ತೂಬು ಮುಚ್ಚಿರೋನು! ಊರ್ ಮುಳುಗ್ತಾ ಐತೆ, ಮುಚ್ಕಂಡು ಮನೀಕಂಡವ್ನೆ!”

ನಾನು ಕೂಗಿದೆ. ಮಳೆಯಲ್ಲಿ ನನ್ನ ದನಿ ಎದುರುಮನೆ ದಾಟಲಿಲ್ಲ. ಸನಿಕೆಯನ್ನು ಹಲಗೆಯಡಿಗೆ ಕೊಟ್ಟು ಮೀಟಿ, ಎರಡೂ ಕೈಯಿಂದ ಎತ್ತಿ ಪಕ್ಕಕ್ಕಿಟ್ಟರು. ನೀರು ಒಂದು ಕ್ಷಣ ಸುಮ್ಮನಿತ್ತು. ದೊಡ್ಡಪ್ಪ ಪಕ್ಕಕ್ಕೆ ಸರಿದು, ಹೋಗು ಎನ್ನುವಂತೆ ಅದಕ್ಕೆ ದಾರಿ ಬಿಟ್ಟು ನಿಂತರು. ಆಮೇಲೆ ಅದು ಬಂತು. ನೊರೆ, ತೆಂಗಿನ ಸಿಪ್ಪೆ, ಬಾಟಲಿ, ಯಾರದೋ ಒಂಟಿ ಚಪ್ಪಲಿ, ಎಲ್ಲವನ್ನೂ ಹೊತ್ತು ತೋಡಿನಿಂದ ಓಣಿಗೆ ಏರಿ ಬಂತು.

“ಲೇ! ನೀರು ಮ್ಯಾಲಕ್ಕೆ ಬತ್ತಾ ಐತೆ ಕಣ್ಲಾ!”

ಆ ಕೂಗು ನಾನು ಮರೆಯುವುದಿಲ್ಲ. ಐವತ್ತು ವರ್ಷ ಅವರು ಕಂಡ ನೀರೆಲ್ಲ ಎತ್ತರದಿಂದ ತಗ್ಗಿಗೆ ಹರಿದಿತ್ತು. ಅವರು ಹೇಳಿದ ಕಡೆ ಹೋಗಿತ್ತು. ಹಲಗೆಯನ್ನು ಮತ್ತೆ ಇಳಿಸಲು ನೋಡಿದರು, ನೀರಿನ ರಭಸ ಬಿಡಲಿಲ್ಲ. ಆಗ ಏನು ಮಾಡಿದರು ಗೊತ್ತೇ? ಹಲಗೆಯ ಜಾಗದಲ್ಲಿ ತಾವೇ ಕೂತುಬಿಟ್ಟರು! ಎಪ್ಪತ್ತನಾಲ್ಕು ವಯಸ್ಸಿನ, ನಲವತ್ತೆಂಟು ಕೆ.ಜಿ. ತೂಕದ ಒಬ್ಬ ಮನುಷ್ಯ ಅರಬ್ಬೀ ಸಮುದ್ರಕ್ಕೆ ಬೆನ್ನು ಕೊಟ್ಟು ಕೂತಿದ್ದ. ನೀರು ಅವರ ಎರಡೂ ಪಕ್ಕದಿಂದ, ಹೆಗಲ ಮೇಲಿಂದ ದಾಟಿ ಬಂತು. ನಾನು, ಮೇಷ್ಟ್ರು, ಇಂಜಿನಿಯರು ಮೂವರೂ ಸೇರಿ ಅವರನ್ನು ಎತ್ತಿ ಹಲಗೆ ಇಳಿಸುವ ಹೊತ್ತಿಗೆ ಇಪ್ಪತ್ತು ನಿಮಿಷವಾಗಿತ್ತು.

ಸಂಜೆ ನಮ್ಮ ಬಚ್ಚಲಲ್ಲಿ ಗೇಣುದ್ದದ ಒಂದು ಮೀನು ಸಿಕ್ಕಿತು. “ಮಾರ್ಕೆಟ್ಟಿಗೆ ಹೋಗೋ ಕೆಲ್ಸ ತಪ್ತು” ಎಂದಳು ನನ್ನ ಹೆಂಡತಿ, ಕೆಸರು ಬಳಿಯುತ್ತಾ. ಯಾರೂ ನಗಲಿಲ್ಲ. ಏಕೆಂದರೆ ಅಷ್ಟರಲ್ಲಿ ಬಾಯಮ್ಮ ಕೊಡಪಾನದ ನೀರು ಬಾಯಿಗೆ ಹಾಕಿ ಉಗುಳಿದ್ದನ್ನು ಎಲ್ಲರೂ ನೋಡಿದ್ದರು. ಬಾವಿಕಟ್ಟೆ ಒಂದು ಕಡೆ ಕುಸಿದು ನೆಲಮಟ್ಟಕ್ಕೆ ಬಂದಿತ್ತು. ಆ ಕಡೆಯಿಂದ ಉಪ್ಪುನೀರು ಬಾವಿಗೆ ಇಳಿದಿತ್ತು.

ಮೇಷ್ಟ್ರು ನನ್ನನ್ನು ಮೆಟ್ಟಿಲ ಬಳಿ ಕರೆದರು. ಮೆಲ್ಲಗೇ ಮಾತಾಡಿದರು. “ನಿಮ್ಮ ದೊಡ್ಡಪ್ಪನ ಮೇಲೆ ನನಗೆ ಕೋಪ ಇಲ್ಲ. ಆದ್ರೆ ಹನ್ನೊಂದು ಮನೆಯ ಕುಡಿಯುವ ನೀರು ಮಾರಾಯ್ರೆ! ಇನ್ನು ಎಂತ ಮಾಡ್ತಾರೋ ಹೇಳ್ಲಿಕ್ಕಾಗುದಿಲ್ಲ. ಅವರನ್ನು ಊರಿಗೆ ಕಳಿಸಿ. ಇಲ್ಲದಿದ್ರೆ ನೀವು ಬೇರೆ ಮನೆ ನೋಡಿ.”

ನಾನು ವಾದಿಸಲಿಲ್ಲ. ಅಲ್ಲಿಯೇ ನಿಂತು ಫೋನಿನಲ್ಲಿ ಹಾಸನದ ಬಸ್ಸಿಗೆ ಸೀಟು ಹಿಡಿದೆ. ಒಳಗೆ ಬಂದು, ಒದ್ದೆ ಬಟ್ಟೆಯಲ್ಲೇ ಕೂತಿದ್ದ ದೊಡ್ಡಪ್ಪನಿಗೆ, “ಸಾಕು. ಇಲ್ಲಿ ನಿಮ್ಮನ್ನ ಯಾರೂ ನೀರುಗಂಟಿ ಮಾಡಿಲ್ಲ” ಎಂದೆ.

ಅವರ ಬಳಿ ಆ ಮಾತಿಗೆ ಒಂದು ಉತ್ತರ ಇತ್ತಲ್ಲ! ಅಂದು ಅವರು ಅದನ್ನು ಹೇಳಲಿಲ್ಲ. ತಲೆ ಎತ್ತದೆ ಕೇಳಿದರು: “ಯಾವತ್ಗೆ ಟಿಕೀಟು?”

“ಮಂಗಳವಾರ.”

“ಒಸಿ ಮುಂದಕ್ಕಾಕು ಮಗ. ಬಾವಿ ಸೀ ಮಾಡ್ಬುಟ್ಟು ಓಯ್ತೀನಿ.”

ಮರುದಿನ ಬೆಳಿಗ್ಗೆ ಬಾವಿಯ ಬಳಿ ಇಡೀ ಓಣಿ ಸೇರಿತ್ತು. ಇಂಜಿನಿಯರು ಮೋಟಾರು ತರಿಸಿದ್ದರು. ಒಂದು ಗಂಟೆಯಲ್ಲಿ ಬಾವಿ ಖಾಲಿ ಮಾಡುವ ಯೋಜನೆ. ದೊಡ್ಡಪ್ಪ ಅಡ್ಡ ನಿಂತರು.

“ಬ್ಯಾಡಿ ಸಾ. ಮೋಟ್ರು ಆಕಿದ್ರೆ ತಳದಿಂದ ಇನ್ನೊಸಿ ಉಪ್ಪು ಎಳ್ಕತದೆ. ನಮ್ ಕಡೆ ಬೋರು ಜಾಸ್ತಿ ಎಳ್ದು ಎಳ್ದು ಸವಳು ಬಂದಿರೋದ ನೋಡಿವ್ನಿ. ನಿಧಾನುಕ್ಕೆ ಸೇದ್ಬೇಕು. ಬಾವಿಗೆ ಗೊತ್ತಾಗ್ಬಾರ್ದು.”

“ಬಾವಿಗೆ ಗೊತ್ತಾಗ್ಬಾರ್ದಾ?” ಇಂಜಿನಿಯರು ಎಲ್ಲರ ಮುಖ ನೋಡಿದರು.

“ಊಂ ಸಾ. ಅದ್ಕೆ ಗಾಬ್ರಿಯಾಯ್ತದೆ.”

ಇಂಜಿನಿಯರಿಂಗಿನಲ್ಲಿ ಬಾವಿಯ ಗಾಬರಿಯ ಬಗ್ಗೆ ಪಾಠ ಇರಲಿಲ್ಲವೆಂದು ಕಾಣುತ್ತದೆ, ಅವರು ಮೋಟಾರಿನ ಪೈಪು ಸುತ್ತಿಟ್ಟರು. ಮೇಷ್ಟ್ರು ಮಾತ್ರ “ನಾಲ್ಕು ದಿನ ನೋಡುವ” ಎಂದರು.

ದೊಡ್ಡಪ್ಪ ಹಗ್ಗ ಹಿಡಿದರು. ಅರವತ್ತು ಕೊಡಪಾನ ಸೇದುವುದು, ನಿಲ್ಲಿಸುವುದು. ಬಾವಿಗೆ ಒಂದು ಗಂಟೆ ಬಿಡುವು. ಮತ್ತೆ ಅರವತ್ತು. ಬಾಯಮ್ಮನ ಸೂರಿನ ಮಳೆನೀರು ಹಳೆಯ ಸೀರೆಯಲ್ಲಿ ಸೋಸಿ ಬಾವಿಗೆ ಬೀಳುವಂತೆ ಪೈಪು ಕಟ್ಟಿದರು. ಸೇದಿದ ನೀರನ್ನು ಚರಂಡಿಗೆ ಬಿಡುವ ಮೊದಲು ದಿನವೂ ಮಹಡಿಯ ಕಡೆ ಮುಖ ಮಾಡಿ, ಬಸ್ಸಿನ ಸಮಯ ಕೇಳುವವರಂತೆ ಕೇಳುತ್ತಿದ್ದರು: “ಮೇಷ್ಟ್ರೇ, ಇವತ್ತು ಸಮುದ್ರ ಎಷ್ಟೊತ್ಗೆ ಬತ್ತದೆ?” ಎರಡು ದಿನ ಮೇಲಿನಿಂದ ಉತ್ತರ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ನೋಡಿದರೆ, ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಮುದ್ದಾದ ಅಕ್ಷರ: ಭರತ ಇಷ್ಟು ಗಂಟೆಗೆ, ಇಳಿತ ಇಷ್ಟು ಗಂಟೆಗೆ. ಮೇಷ್ಟ್ರು ಮಾತು ಬಿಟ್ಟಿದ್ದರೂ ಪಾಠ ಬಿಟ್ಟಿರಲಿಲ್ಲ.

ಪ್ರತಿದಿನ ಏಳು ಗಂಟೆಗೆ ರುಚಿ ನೋಡುವ ಕಾರ್ಯಕ್ರಮ. ಹನ್ನೊಂದು ಮನೆಯಿಂದ ಹನ್ನೊಂದು ಲೋಟ. ಮೊದಲ ದಿನ ಎಲ್ಲರೂ ಒಟ್ಟಿಗೆ ಉಗುಳಿದರು. ಐದನೆಯ ದಿನ ಅಭಿಪ್ರಾಯಭೇದ ಶುರುವಾಯಿತು.

“ನಿನ್ನೆಗಿಂತ ವಾಸಿ.”

“ಎಂತ ವಾಸಿ? ಉಪ್ಪಿನಕಾಯಿ ಜಾಡಿ ತೊಳೆದ ಹಾಗೆ ಉಂಟು.”

“ಗಂಜಿಗೆ ಆಗ್ಬಹುದು. ಉಪ್ಪು ಹಾಕುದು ಬೇಡ, ಅಷ್ಟೆ.”

ದೊಡ್ಡಪ್ಪ ಎಲ್ಲರಿಗಿಂತ ಕೊನೆಗೆ ಒಂದು ಗುಟುಕು ಬಾಯಿಗೆ ಹಾಕಿ, ನಾಲಿಗೆಯ ಮೇಲೆ ಆಡಿಸಿ, “ಊಂಹೂಂ” ಎನ್ನುವರು. ಹಗ್ಗ ಹಿಡಿಯುವರು. ಅವರ ಅಂಗೈ ಒಡೆದಿತ್ತು. ನನ್ನ ಹೆಂಡತಿ ಕೊಬ್ಬರಿ ಎಣ್ಣೆ ಹಚ್ಚಿ ಬಟ್ಟೆ ಕಟ್ಟಿದರೆ, “ಹಗ್ಗ ಜಾರ್ತದೆ ಕಣವ್ವಾ” ಎಂದು ಬಿಚ್ಚಿ ಇಟ್ಟರು. ನಾನು ಕಚೇರಿಗೆ ರಜೆ ಹಾಕಿ ಸೇದಲು ಹೋದೆ. ಇಪ್ಪತ್ತು ಕೊಡಕ್ಕೆ ನನ್ನ ರಟ್ಟೆ ಬಿದ್ದುಹೋಯಿತು. ಅವರು ಬೈಯಲಿಲ್ಲ, ಹಾಸ್ಯವನ್ನೂ ಮಾಡಲಿಲ್ಲ. ಅದೇ ನನಗೆ ಹೆಚ್ಚು ನೋವಾದದ್ದು.

ಬಿಡುವಿನ ಗಂಟೆಯಲ್ಲಿ ಬಾಯಮ್ಮ ಚಹಾ ತಂದು ಪಕ್ಕದಲ್ಲಿ ಕೂರುತ್ತಿದ್ದರು. ಅತಿ ಹೆಚ್ಚು ನಷ್ಟವಾದದ್ದು ಅವರಿಗೇ. ಹಾಸಿಗೆ ಹೋಗಿತ್ತು, ಮೆಷೀನಿಗೆ ತುಕ್ಕು ಬಂದಿತ್ತು. ಅವರು ಒಮ್ಮೆಯೂ ಆ ಮಾತು ಎತ್ತಲಿಲ್ಲ.

“ಗೌಡ್ರೆ, ಊರಲ್ಲಿ ನೀರು ಬಿಟ್ಟದ್ದಕ್ಕೆ ನಿಮಗೆ ಎಂತ ಕೊಡ್ತಿದ್ರು?”

“ಸುಗ್ಗಿ ಕಾಲ್ದಾಗೆ ಕಣಕ್ಕೆ ಓದ್ರೆ ಮನೆಗೊಂದು ಮೊರ ಭತ್ತ ತಾಯಿ.”

“ಮನೆಗೆ ತಂದು ಕೊಡ್ತಿದ್ರಾ?”

“ಮನೆಗಾ? ನಮ್ ಕೇರಿಗೆ ಯಾರು ಬಂದಾರು?” ದೊಡ್ಡಪ್ಪ ನಕ್ಕರು. “ಕಣದ ಮೂಲೇಲಿ ಟವಲ್ ಆಸ್ಬೇಕು. ದೂರ ನಿಂತ್ಕಬೇಕು. ಅವ್ರು ಸುರುದು ಅತ್ಲಾಗೆ ಓದ್ ಮೇಲೆ ಬಳ್ಕಬೇಕು. ಕೈಗೆ ಕೊಡಾಕಿಲ್ಲ.”

ಬಾಯಮ್ಮ ಎದ್ದರು. ಲೋಟ ತೆಗೆದುಕೊಂಡು ಒಳಗೆ ಹೋದರು. ನಮ್ಮ ಓಣಿಯಲ್ಲಿ ಬಾವಿಕಟ್ಟೆಯ ಮಾತು ಹನ್ನೊಂದು ಮನೆ ಸುತ್ತಲು ಎಷ್ಟು ಹೊತ್ತು ಬೇಕು? ಒಂದು ಕುಕ್ಕರ್ ಕೂಗುವಷ್ಟು.

ಹತ್ತನೆಯ ದಿನ, ಬೆಳಗಿನ ಎರಡನೆಯ ಸುತ್ತಿನಲ್ಲಿ, ಏರುತ್ತಿದ್ದ ಕೊಡಪಾನ ನಡುವೆಯೇ ನಿಂತಿತು. ನಾನು ಎರಡು ಮಾರು ದೂರದಲ್ಲಿದ್ದೆ. ದೊಡ್ಡಪ್ಪ ಹಗ್ಗ ಬಿಡಲಿಲ್ಲ, ಹಗ್ಗವನ್ನು ಎದೆಗೆ ಒತ್ತಿಕೊಂಡು ಹಾಗೇ ಕೆಳಗೆ ಕೂತರು. ತುಟಿ ಬೆಳ್ಳಗಾಗಿತ್ತು. ನನಗಿಂತ ಮೊದಲು ಮಹಡಿಯ ಮೆಟ್ಟಿಲಿನಿಂದ ಯಾರೋ ಓಡಿ ಬಂದರು. ಮೇಷ್ಟ್ರು. ದೊಡ್ಡಪ್ಪನನ್ನು ಗೋಡೆಗೆ ಒರಗಿಸಿ, ಅವರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಹಗ್ಗ ತಾವು ಹಿಡಿದರು.

“ಎಷ್ಟಾಯ್ತು?”

“ಮೂವತ್ತೇಳು,” ಎಂದರು ದೊಡ್ಡಪ್ಪ, ಉಸಿರಿನಲ್ಲಿ.

“ಮೂವತ್ತೆಂಟು,” ಎಂದು ಮೇಷ್ಟ್ರು ಕೊಡ ಎತ್ತಿದರು.

ಡಾಕ್ಟರು ಬಂದು ನೋಡಿ, ಸುಸ್ತು, ಎರಡು ದಿನ ಮಲಗಲಿ ಎಂದರು. ಮಲಗಿದ್ದು ಒಂದು ದಿನ. ಮತ್ತೆ ಬಂದು ನೋಡಿದರೆ ಅವರ ಕೆಲಸವನ್ನು ಓಣಿ ಹಂಚಿಕೊಂಡುಬಿಟ್ಟಿತ್ತು. ಅರವತ್ತು ಮೇಷ್ಟ್ರದು, ಅರವತ್ತು ಇಂಜಿನಿಯರದು, ಅರವತ್ತು ನನ್ನದು, ನಡುವೆ ಬಿಡುವು. ದೊಡ್ಡಪ್ಪ ಕುರ್ಚಿಯಲ್ಲಿ ಕೂತು ಆಜ್ಞೆ ಕೊಟ್ಟರು. “ಇಂಜಿನೇರ್ರೇ, ಮೆಲ್ಲುಕೆ! ಬಾವಿಗೆ ಗೊತ್ತಾಗೋಯ್ತು!”

ಹದಿನಾರನೆಯ ದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ಮೇಷ್ಟ್ರು ಮೊದಲ ಲೋಟ ಎತ್ತಿದರು. ಒಂದು ಗುಟುಕು ಕುಡಿದು ನಿಂತರು. ಆಮೇಲೆ ಉಳಿದದ್ದನ್ನು ಪೂರ್ತಿ ಕುಡಿದು, ಖಾಲಿ ಲೋಟವನ್ನು ಎಲ್ಲರಿಗೂ ಕಾಣುವಂತೆ ಬೋರಲು ಹಿಡಿದರು. ಬಾಯಮ್ಮ ಶಿಲುಬೆಯ ಗುರುತು ಮಾಡಿಕೊಂಡರು. ದೊಡ್ಡಪ್ಪ ಕೊನೆಗೆ ಕುಡಿದರು. ನಾಲಿಗೆಯ ಮೇಲೆ ಆಡಿಸಿದರು. “ಆಯ್ತು” ಎಂದರು. ನನ್ನ ಕಡೆ ತಿರುಗಿ, “ಟಿಕೀಟು ಮಾಡ್ಸು ಮಗ” ಎಂದರು.

ಅಷ್ಟರಲ್ಲಿ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಮನೆಯೊಳಗೆ ಹೋದದ್ದನ್ನು ನೋಡಿದೆ. ಒಬ್ಬೊಬ್ಬರಾಗಿ ಹೊರಗೆ ಬಂದರು. ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಪಾತ್ರೆ. ಪಾತ್ರೆಯಲ್ಲಿ ಕೆಂಪು ಕುಚ್ಚಲಕ್ಕಿ. ರಾಗಿಮುದ್ದೆಯ ಮನುಷ್ಯ ನಮ್ಮ ದೊಡ್ಡಪ್ಪ. ಕುಚ್ಚಲಕ್ಕಿ ಅನ್ನವನ್ನು ಐದು ತಿಂಗಳಲ್ಲಿ ಒಮ್ಮೆಯೂ ಮುಟ್ಟಿದವರಲ್ಲ! ಹನ್ನೊಂದು ಮನೆಯ ಅಕ್ಕಿ ನೋಡಿ ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅರ್ಥವಾದ ಕೂಡಲೇ ಹೆಗಲ ಟವಲ್ ತೆಗೆದು, ಬಾವಿಯ ಪಕ್ಕದ ಕಲ್ಲಿನ ಮೇಲೆ ಹಾಸಿ, ನಾಲ್ಕು ಹೆಜ್ಜೆ ಹಿಂದೆ ಸರಿದು ನಿಂತರು. ಯಾರೂ ಹೇಳಿರಲಿಲ್ಲ. ಕಾಲುಗಳು ತಾವಾಗಿಯೇ ಸರಿದಿದ್ದವು.

ಮೇಷ್ಟ್ರು ತಮ್ಮ ಮನೆಯ ಪಾತ್ರೆ ಹಿಡಿದು ಟವಲ್ ದಾಟಿ ಅವರ ಎದುರಿಗೆ ಬಂದರು.

“ನಿಮ್ಮ ಊರಲ್ಲಿ ಇದು ವರ್ಷಕ್ಕೆ ಒಂದು ಸಲವಾ?”

“ಊಂ ಸಾ. ಸುಗ್ಗೀಲಿ.”

“ಹಾಗಾದ್ರೆ ಬರುವ ವರ್ಷದ್ದೂ ಇಲ್ಲೇ ತಕೊಳ್ಬೇಕು. ಟಿಕೆಟು ಗಿಕೆಟು ಬೇಡ. ಹಲಗೆ ಇಳಿಸ್ಲಿಕ್ಕೆ ನನಗೆ ಇನ್ನು ಆಗುದಿಲ್ಲ, ಪ್ರಾಯ ಆಯ್ತು. ಕೈ ಹಿಡೀರಿ.”

ದೊಡ್ಡಪ್ಪ ಕೈ ಚಾಚಿದರು. ಆದರೆ ಹೇಗೆ ಹಿಡಿಯಬೇಕೆಂದು ಅವರಿಗೆ ತಿಳಿಯಲಿಲ್ಲ. ಅವರ ಕೈ ಹೀಗೆ ಏನನ್ನೂ ತೆಗೆದುಕೊಂಡದ್ದಿರಲಿಲ್ಲ. ಒಡೆದ ಅಂಗೈಗಳು ಸೇರಲಿಲ್ಲ. ಮೇಷ್ಟ್ರು ಸುರಿದ ಅಕ್ಕಿ ಬೆರಳುಗಳ ಸಂದಿಯಿಂದ ಉದುರತೊಡಗಿತು. ಮೇಷ್ಟ್ರು ಪಾತ್ರೆಯನ್ನು ನನ್ನ ಕೈಗೆ ಕೊಟ್ಟು, ಬಗ್ಗಿ, ತಮ್ಮ ಎರಡೂ ಅಂಗೈಗಳನ್ನು ಬೊಗಸೆ ಮಾಡಿ ದೊಡ್ಡಪ್ಪನ ಕೈಗಳ ಕೆಳಗೆ ಹಿಡಿದರು. ನಾನು ಸುರಿದೆ.